ಅಜ್ಜನ ಪುಸ್ತಕದಲ್ಲಿ ಆಯಿಗೆ ಒಂದೇ ಸಾಲು

ಪ್ರಶ್ನೆ: ನಾನು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯವಳು. ಈಗ ಬೆಳಗಾವಿಯಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಅಜ್ಜ 1942ರ ಚಲೇಜಾವ್ ಚಳವಳಿಯಲ್ಲಿದ್ದರು. ಚಾವಡಿಗೆ ಬೆಂಕಿ ಹಚ್ಚಿ ತಂತಿ ಕತ್ತರಿಸಿದ ಗುಂಪಿನವರು. ಏಳೆಂಟು ತಿಂಗಳು ಭೂಗತರಾಗಿದ್ದು, ಆಮೇಲೆ ಸಿಕ್ಕಿಬಿದ್ದು ಹಿಂಡಲಗಾ ಜೈಲಿನಲ್ಲಿ ಒಂದು ವರ್ಷ ಕಳೆದರು. 1981ರಲ್ಲಿ ತೀರಿಕೊಂಡರು. ಈಗ ನಮ್ಮ ಕಾಕಾ ಅಜ್ಜನ ಸ್ಮರಣೆಗೆ 120 ಪುಟದ ಪುಸ್ತಕ ತರುತ್ತಿದ್ದಾರೆ. ಕರಡು ತಿದ್ದುವ ಕೆಲಸ ನನ್ನದು. ಅದರಲ್ಲಿ ಆಯಿಯ, ಅಂದರೆ ನಮ್ಮ ಅಜ್ಜಿಯ ಬಗ್ಗೆ ಇರುವುದು ಒಂದೇ ಸಾಲು: ‘ಅವರ ಧರ್ಮಪತ್ನಿ ನೆರಳಿನಂತೆ ಅವರ ಬೆನ್ನಿಗೆ ನಿಂತರು.’ ಊರಲ್ಲಿ ಬೇರೆಯೇ ಮಾತಿದೆ. ಆಕೆ ಜಗಳಗಂಟಿ, ಅಜ್ಜ ಜೈಲಲ್ಲಿದ್ದಾಗ ಹೊಲ ಕಳೆದಳು, 1957ರ ಚುನಾವಣೆಗೆ ನಿಲ್ಲಲು ಬಿಡಲಿಲ್ಲ, ಅಜ್ಜ ಹೋದ ಮೇಲೆ ಪಿಂಚಣಿಗಾಗಿ ಅವರ ಹೆಸರು ಮಾರಿಕೊಂಡಳು ಅಂತ. ಅಜ್ಜನಿಗೆ ಇನ್ನೊಂದು ಸಂಸಾರ ಇತ್ತು ಎಂಬ ಮಾತೂ ಇದೆ. ಆಯಿ 1998ರವರೆಗೆ ಬದುಕಿದ್ದರು. ಅವರ ತಂಗಿ ಗೋಕಾಕ ಹತ್ತಿರ ಇದ್ದಾರೆ, ತೊಂಬತ್ತು ದಾಟಿದೆ. ಕ್ರಾಂತಿ ಮಾಡಿದವರ ಹೆಂಡಂದಿರನ್ನು ಒಂದೋ ದೇವಿ ಮಾಡುತ್ತಾರೆ, ಇಲ್ಲವೇ ಮನೆಹಾಳಿ ಮಾಡುತ್ತಾರೆ. ಇದು ಎಲ್ಲ ಕಡೆ ಹೀಗೇನಾ? ನಾನು ಏನು ಬರೆಯಲಿ?

ಉತ್ತರ:

ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಕಾಡುತ್ತಿರುವುದು ಎರಡು ಭಯ. ಆ ಒಂದೇ ಸಾಲು ಹಾಗೇ ಅಚ್ಚಾದರೆ ಆಯಿ ಪೂರ್ತಿ ಅಳಿಸಿಹೋಗುತ್ತಾರೆ ಎಂಬುದು ಒಂದು. ಜಾಸ್ತಿ ಬರೆಯಲು ಹೋದರೆ ಊರ ಮಾತೆಲ್ಲ ಪುಸ್ತಕಕ್ಕೆ ಬಂದು ಆಕೆಗೇ ಕಳಂಕ ತಟ್ಟುತ್ತದೆ ಎಂಬುದು ಇನ್ನೊಂದು. ಎರಡೂ ನಿಜವಾದ ಭಯಗಳೇ.

ನಾನು ವಿಜಯಪುರದಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು. ರಜೆ ಸಿಕ್ಕಾಗಲೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಹೋರಾಟಗಾರರ ಮಾತನ್ನು ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ದೇನೆ. ಆ ಕ್ಯಾಸೆಟ್‌ಗಳಲ್ಲಿ ಒಂದರ ಕತೆ ಮೊದಲು ಹೇಳುತ್ತೇನೆ.

ಎಂಬತ್ತರ ದಶಕ. ಪಡಸಾಲೆಯಲ್ಲಿ ಒಬ್ಬ ಹಿರಿಯರು ಕೂತು 42ರ ಒಂದು ರಾತ್ರಿಯ ಕತೆ ಹೇಳುತ್ತಿದ್ದರು. ಪೊಲೀಸರು ಊರಿಗೆ ಬಂದದ್ದು, ತಾವು ಹಿತ್ತಲ ಗೋಡೆ ಹಾರಿದ್ದು, ಹುಣ್ಣಿಮೆಯ ಬೆಳಕಿನಲ್ಲಿ ಜೋಳದ ಹೊಲ ಹೊಕ್ಕಿದ್ದು. ಆಗ ಒಳಗಿನಿಂದ ಒಂದು ಹೆಣ್ಣುದನಿ ಬಂತು. “ಹುಣ್ಣಿಮಿ ಅಲ್ಲ, ಅಮಾಸಿ. ದೀಪ ನಾನ ಆರಿಸಿದ್ದೆ. ಕತ್ತಲಾಗಿ ನಿಮಗ ಚಪ್ಪಲಿ ಸಿಗಲಿಲ್ಲ, ಬರಿಗಾಲಲೆ ಹ್ವಾದ್ರಿ.” ನಾನು ಏನು ಮಾಡಿದೆ ಗೊತ್ತಾ? “ಅವ್ವಾ, ಒಂಚೂರು ತಡೀರಿ, ರೆಕಾರ್ಡ್ ಆಗಾಕತ್ತೇತಿ” ಅಂದೆ. ಆಮೇಲೆ ಆಕೆ ಮಾತಾಡಲಿಲ್ಲ. ಇಡೀ ಕ್ಯಾಸೆಟ್ ಮುಗಿಯುವವರೆಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತದೆ. ಆ ರಾತ್ರಿ ಏನಾಯಿತು ಎಂದು ಕರಾರುವಾಕ್ಕಾಗಿ ಗೊತ್ತಿದ್ದವರು ಆಕೆ. ನಾನು ಸುಮ್ಮನಿರಿಸಿದ್ದು ಆಕೆಯನ್ನೇ. ಮತ್ತೆ ಹೋಗುವಷ್ಟರಲ್ಲಿ ಇಬ್ಬರೂ ಇರಲಿಲ್ಲ. ಆ ಸದ್ದು ಕೇಳಿದಾಗಲೆಲ್ಲ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ‘ನೆರಳಿನಂತೆ’ ಎಂಬ ಪದ ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ. ನೆರಳಿಗೆ ಹಸಿವೆಯಿಲ್ಲ. ನೆರಳಿನ ಕಂಕುಳಲ್ಲಿ ಕೂಸು ಇರುವುದಿಲ್ಲ. ಭೂಗತನಾದ ಮನುಷ್ಯ ಏಳೆಂಟು ತಿಂಗಳು ಬದುಕಿದ ಅಂದರೆ ಯಾರೋ ಒಬ್ಬರು ಅಷ್ಟೂ ದಿನ ಬುತ್ತಿ ಕಟ್ಟಿದ್ದಾರೆ ಎಂದರ್ಥ. ಪೊಲೀಸರು ಬಾಗಿಲು ಬಡಿದಾಗ ಯಾರೋ ಒಬ್ಬರು ಎದುರು ನಿಂತು ‘ಗೊತ್ತಿಲ್ಲ’ ಅಂದಿದ್ದಾರೆ. ಮನೆಯಲ್ಲಿ ಜೋಳ ಎಷ್ಟಿದೆ, ಯಾರನ್ನು ನಂಬಬಹುದು, ಯಾವ ಓಣಿಯ ನಾಯಿ ಬೊಗಳುತ್ತದೆ, ಇದೆಲ್ಲ ಲೆಕ್ಕ ಹಾಕಿದವರು ಯಾರು? ‘ಆಕೆಗೆ ರಾಜಕೀಯ ಗೊತ್ತಿರಲಿಲ್ಲ’ ಎಂದು ಈ ಹೆಂಗಸರ ಬಗ್ಗೆ ಎಷ್ಟೋ ಮನೆಯಲ್ಲಿ ಕೇಳಿದ್ದೇನೆ. ಇದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ?

ದಾಖಲೆಯಲ್ಲಿ ಇದು ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಸರಳ ಕಾರಣವಿದೆ. ಹೋರಾಟದ ಕಾಗದಪತ್ರ ಹುಟ್ಟುವುದು ಠಾಣೆ, ಕೋರ್ಟು, ಜೈಲಿನಲ್ಲಿ. ಅಡುಗೆಮನೆಯಲ್ಲಿ ಪಂಚನಾಮೆ ಆಗುವುದಿಲ್ಲ. ಕೇಂದ್ರ ಸರ್ಕಾರ 1972ರ ಆಗಸ್ಟ್ 15ರಂದು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರು ಮಾಡಿತು. ಅದಕ್ಕೆ ಕನಿಷ್ಠ ಆರು ತಿಂಗಳ ಜೈಲುವಾಸ ಬೇಕು, ಹೆಂಗಸರಿಗೆ ಮೂರು ತಿಂಗಳು. ಇಲ್ಲವೇ ವಾರಂಟ್ ತಲೆಯ ಮೇಲಿದ್ದು ಆರು ತಿಂಗಳಿಗಿಂತ ಜಾಸ್ತಿ ಭೂಗತರಾಗಿದ್ದಕ್ಕೆ ಪುರಾವೆ ಬೇಕು. ಭೂಗತರಾದವರಿಗೆ ಬುತ್ತಿ ಕಟ್ಟಿದ್ದಕ್ಕೆ ಅದರಲ್ಲಿ ಕಲಮು ಇಲ್ಲ. ಅಜ್ಜ ಸರ್ಕಾರದ ಲೆಕ್ಕದಲ್ಲಿ ಹೋರಾಟಗಾರರಾದರು. ಅವರನ್ನು ಬದುಕಿಸಿದ ಆಯಿ ‘ಅವಲಂಬಿತರು’ ಆದರು.

ಇನ್ನೊಂದು ನಮ್ಮ ಕಡೆಯದೇ ತೊಡಕು ಇದೆ, ಹೆಸರಿನದು. ಬೆಳಗಾವಿ ಸೀಮೆಯ ಎಷ್ಟೋ ಮನೆತನಗಳಲ್ಲಿ ಮದುವೆಯಾದ ಕೂಡಲೇ ಸೊಸೆಗೆ ಹೊಸ ಹೆಸರು ಇಡುತ್ತಿದ್ದರು. ತವರಿನ ಹೆಸರು ತವರಿಗೇ ಉಳಿಯುತ್ತಿತ್ತು. ಆಕೆಯೂ ಗಂಡನ ಹೆಸರು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಶುಭಕಾರ್ಯದಲ್ಲಿ ಒಡಪು ಹಾಕಿ ಹೇಳಬೇಕು. ಹೀಗೆ ಗಂಡನ ಹೆಸರು ಒಡಪಿನಲ್ಲಾದರೂ ಉಳಿಯಿತು. ಆಕೆಯ ಹೆಸರು ಎಲ್ಲಿ ಉಳಿಯಿತು? ಗೋಕಾಕ ತಾಲ್ಲೂಕಿನ ಒಂದು ಮನೆಯಲ್ಲಿ ಮೊಮ್ಮಕ್ಕಳಿಗೆ ಯಾರಿಗೂ ಅಜ್ಜಿಯ ಹುಟ್ಟುಹೆಸರು ಗೊತ್ತಿರಲಿಲ್ಲ. ‘ಅವ್ವ’ ಅಂದರೆ ಮುಗಿಯಿತು. ಕೊನೆಗೆ ಅಟ್ಟದ ಮೇಲಿದ್ದ ತಾಮ್ರದ ಕೊಡ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಕೊಡದ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಎದ್ದವು. ತವರಿನವರು ಮದುವೆಯಲ್ಲಿ ಕೊಟ್ಟ ಕೊಡ, ಅದರ ಮೇಲೆ ಆಕೆಯ ತವರಿನ ಹೆಸರು. ಮನೆಯ ಹಿರೀಸೊಸೆ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತಿದ್ದರು. ನಿಮ್ಮ ಮನೆಯಲ್ಲೂ ಹಳೆಯ ಪಾತ್ರೆಗಳಿದ್ದರೆ ಒಮ್ಮೆ ತಿಕ್ಕಿ ನೋಡಿ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಎಲ್ಲ ಕಡೆ ಹೀಗೇನಾ? ಬಹಳ ಕಡೆ ಹೀಗೇ. ಅದಕ್ಕೆ ಒಂದು ಅಚ್ಚು ಇದೆ. ನಮ್ಮ ಭಾಷೆಯಲ್ಲಿ ಆ ಅಚ್ಚಿಗೆ ಹೆಸರೂ ಇದೆ: ಮುತ್ತೈದೆ ಸಾವು. ಗಂಡನಿಗಿಂತ ಮುಂಚೆ ಹೋದವಳು ಪುಣ್ಯವಂತೆ. ಆಕೆಯನ್ನು ಊರೆಲ್ಲ ಹೊಗಳುತ್ತದೆ. ಗಂಡನ ನಂತರ ಉಳಿದವಳಿಗೆ ಬಾಯಿ ಇರುತ್ತದೆ, ಹಕ್ಕು ಇರುತ್ತದೆ, ಆಕೆಗೂ ಅನಿಸಿಕೆಗಳಿರುತ್ತವೆ. ನಾಯಕನ ಅನುಯಾಯಿಗಳಿಗೆ ತೊಡಕಾಗುವುದು ಆಕೆಯೇ.

ಅಂಬೇಡ್ಕರ್ ಅವರ ಇಬ್ಬರು ಪತ್ನಿಯರನ್ನು ನೋಡಿ. ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. ಬಡತನದಲ್ಲಿ ಸಂಸಾರ ಎಳೆದವರು, ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣು ಮಾಡಿದವರು. ಇವತ್ತು ‘ಮಾತೋಶ್ರೀ’ ಎಂದು ಊರೂರಲ್ಲಿ ಅವರ ಜಯಂತಿ ಆಗುತ್ತದೆ, ಆಗಲೇಬೇಕು. 1948ರ ಏಪ್ರಿಲ್ 15ರಂದು ಬಾಬಾಸಾಹೇಬರನ್ನು ಮದುವೆಯಾದವರು ವೈದ್ಯೆ ಸವಿತಾ. ಮಧುಮೇಹ, ನರದ ನೋವಿನಿಂದ ಬಳಲುತ್ತಿದ್ದ ಗಂಡನ ಆರೈಕೆ ಮಾಡಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರ ಜೊತೆಯೇ ಬೌದ್ಧ ದೀಕ್ಷೆ ತೆಗೆದುಕೊಂಡರು. ಡಿಸೆಂಬರ್ 6ರಂದು ಬಾಬಾಸಾಹೇಬರು ತೀರಿಕೊಂಡ ಕೂಡಲೇ ಕೆಲವು ಅನುಯಾಯಿಗಳೇ ಆಕೆಯ ಮೇಲೆ ಸಂಶಯಪಟ್ಟರು. ಸರ್ಕಾರ ವಿಚಾರಣೆ ಮಾಡಿಸಿತು, ಸಾವು ಸಹಜ ಎಂದಾಯಿತು. ಆದರೂ ಮಾತು ನಿಲ್ಲಲಿಲ್ಲ. ಬುದ್ಧನ ಕುರಿತ ತಮ್ಮ ಕೊನೆಯ ಪುಸ್ತಕಕ್ಕೆ ಬಾಬಾಸಾಹೇಬರು ಬರೆದಿದ್ದ ಮುನ್ನುಡಿಯಲ್ಲಿ, ಕಾಯಿಲೆಯಲ್ಲಿ ನೋಡಿಕೊಂಡ ಹೆಂಡತಿಗೂ ವೈದ್ಯರಿಗೂ ಕೃತಜ್ಞತೆ ಹೇಳಿದ್ದರು. ಅವರು ತೀರಿಕೊಂಡ ಮೇಲೆ ಪುಸ್ತಕ ಹೊರಬಂದಾಗ ಆ ಮುನ್ನುಡಿ ಅದರಲ್ಲಿ ಇರಲಿಲ್ಲ. ಸವಿತಾ 2003ರವರೆಗೆ ಬದುಕಿದರು. ನಲವತ್ತಾರು ವರ್ಷ ಆ ಸಂಶಯದ ಕೆಳಗೆ.

ಇಬ್ಬರಲ್ಲಿ ಒಬ್ಬರನ್ನು ಎತ್ತಲು ಇನ್ನೊಬ್ಬರನ್ನು ಇಳಿಸಬೇಕಿಲ್ಲ. ಒಬ್ಬರು ಬಡತನ ಕಂಡರು, ಒಬ್ಬರು ಕಾಯಿಲೆ ಕಂಡರು. ಅಷ್ಟೇ ವ್ಯತ್ಯಾಸ.

ಚೀನಾದಲ್ಲೂ ಇದೇ ಅಚ್ಚು. ಅಲ್ಲಿಯ ಕಮ್ಯುನಿಸ್ಟ್ ಕ್ರಾಂತಿಯ ನಾಯಕ ಮಾವೋನ ಹೆಂಡತಿ ಯಾಂಗ್ ಕೈಹುಯಿಯನ್ನು 1930ರ ನವೆಂಬರ್‌ನಲ್ಲಿ ಶತ್ರುಪಕ್ಷದವರು ಗುಂಡಿಟ್ಟು ಕೊಂದರು. ಗಂಡನನ್ನು ಬಹಿರಂಗವಾಗಿ ತ್ಯಜಿಸಿದರೆ ಬಿಡುತ್ತೇವೆ ಅಂದರು, ಆಕೆ ಒಪ್ಪಲಿಲ್ಲ. ಮಾವೋ ಆಗಲೇ ಬೆಟ್ಟದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಯಾಂಗ್ ಹುತಾತ್ಮೆಯಾದರು. ಆದರೆ 1982ರಲ್ಲಿ ಆಕೆಯ ಹಳೆಯ ಮನೆ ದುರಸ್ತಿ ಮಾಡುವಾಗ ಗೋಡೆಯ ಸಂದಿಯಲ್ಲಿ ಆಕೆ ಬಚ್ಚಿಟ್ಟಿದ್ದ ಕಾಗದಗಳು ಸಿಕ್ಕವು. ಗಂಡನ ಮೇಲಿನ ಪ್ರೀತಿ, ಆತ ಬಿಟ್ಟುಹೋದ ನೋವು ಎಲ್ಲ ಅದರಲ್ಲಿತ್ತು. ಹುತಾತ್ಮೆಯ ಚಿತ್ರದಲ್ಲಿ ಆ ನೋವಿಗೆ ಜಾಗವಿರಲಿಲ್ಲ. ಐವತ್ತು ವರ್ಷ ಅದು ಗೋಡೆಯೊಳಗಿತ್ತು.

ಮಾವೋನ ಕೊನೆಯ ಹೆಂಡತಿ ಜಿಯಾಂಗ್ ಚಿಂಗ್ ಕತೆ ಬೇರೆ. ಈಕೆಯನ್ನು ನಾನು ಪಾಪದವಳು ಅನ್ನುವುದಿಲ್ಲ. ವಿರೋಧಿಗಳನ್ನು ಹಣಿಯಲು ಮಾವೋ ಶುರು ಮಾಡಿ, 1966ರಿಂದ ಹತ್ತು ವರ್ಷ ನಡೆದ ‘ಸಾಂಸ್ಕೃತಿಕ ಕ್ರಾಂತಿ’ಯಲ್ಲಿ ಎಷ್ಟೋ ಜನರ ಬಾಳು ಕೆಡಿಸಿದವಳು. ಆಗಿನ ರಾಷ್ಟ್ರಾಧ್ಯಕ್ಷ ಲಿಯು ಶಾವೋಚಿಯ ಹೆಂಡತಿ ವಾಂಗ್ ಗ್ವಾಂಗ್‌ಮೇಯನ್ನು 1967ರಲ್ಲಿ ವಿಶ್ವವಿದ್ಯಾಲಯದ ಸಭೆಗೆ ಎಳೆತಂದು, ಕೊರಳಿಗೆ ಟೇಬಲ್ ಟೆನಿಸ್ ಚೆಂಡುಗಳ ಹಾರ ಹಾಕಿ ಸಾವಿರಾರು ಜನರ ಮುಂದೆ ಅವಮಾನಿಸಿದರು. ಆಕೆಯ ಮೇಲೆ ಜನರನ್ನು ಎತ್ತಿಕಟ್ಟಿದವಳು ಇದೇ ಜಿಯಾಂಗ್. ಇದಕ್ಕೆ ಈಕೆ ಉತ್ತರ ಕೊಡಲೇಬೇಕು. ಆದರೆ ಜನ ಬೈದದ್ದು ಯಾವುದಕ್ಕೆ? ಶಾಂಘಾಯಿಯಲ್ಲಿ ನಟಿಯಾಗಿದ್ದಳು, ಗಂಡಸರನ್ನು ಮರುಳು ಮಾಡುತ್ತಿದ್ದಳು ಎಂಬುದಕ್ಕೂ ಅಷ್ಟೇ ಬೈದರು. ಅದು ಅಪರಾಧವೇ ಅಲ್ಲ. 1976ರ ಸೆಪ್ಟೆಂಬರ್ 9ರಂದು ಮಾವೋ ಸತ್ತ, ಒಂದು ತಿಂಗಳೊಳಗೆ ಆಕೆಯ ಬಂಧನವಾಯಿತು. 1981ರಲ್ಲಿ ಆಕೆಗೆ ಮರಣದಂಡನೆ ವಿಧಿಸಿ, ಜಾರಿಯನ್ನು ತಡೆದಿಟ್ಟರು. ಅದೇ ವರ್ಷ ಪಕ್ಷ ಮಾವೋನ ಸಾಧನೆ ದೊಡ್ಡದು, ತಪ್ಪು ಅದರ ನಂತರದ್ದು ಎಂದು ನಿರ್ಣಯ ಮಾಡಿತು. ‘ನಾನು ಮಾವೋನ ನಾಯಿ, ಕಚ್ಚು ಅಂದವರನ್ನು ಕಚ್ಚಿದೆ’ ಎಂದು ಆಕೆ ನ್ಯಾಯಾಲಯದಲ್ಲಿ ಹೇಳಿದ್ದಳು. ಕಚ್ಚಿದ್ದು ನಿಜ. ಕಚ್ಚು ಅಂದವನ ಚಿತ್ರ ಮಾತ್ರ ಇವತ್ತಿಗೂ ಚೀನಾದ ನೋಟಿನ ಮೇಲಿದೆ.

ಯಜಮಾನನ ತಪ್ಪನ್ನು ಮನೆಯವಳ ತಲೆಗೆ ಕಟ್ಟಿದರೆ ಯಜಮಾನ ಉಳಿಯುತ್ತಾನೆ. ‘ಆಕಿ ಮಾತ ಕೇಳಿ ಕೆಟ್ಟ’ ಎಂದು ನಮ್ಮ ಕಟ್ಟೆಯ ಮೇಲೆ ಕೂತವರು ಹೇಳುವುದೂ ಇದೇ ಅಲ್ವಾ?

ನನ್ನ ಮಾತಿಗೆ ಅಡ್ಡ ಬರುವವರೂ ಇದ್ದಾರೆ, ಅದನ್ನೂ ಹೇಳಬೇಕು. ಸಾವಿತ್ರಿಬಾಯಿ ಫುಲೆ ಗಂಡನ ನಂತರ ಆರು ವರ್ಷಕ್ಕೂ ಹೆಚ್ಚು ಬದುಕಿದರು. 1897ರಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ ಅದೇ ರೋಗಕ್ಕೆ ಬಲಿಯಾದರು. ನಿಮ್ಮ ಬೈಲಹೊಂಗಲದಲ್ಲೇ ಸಮಾಧಿಯಿರುವ ಕಿತ್ತೂರು ಚೆನ್ನಮ್ಮ, ಗಂಡ ಮಲ್ಲಸರ್ಜ ತೀರಿಹೋದ ಎಷ್ಟೋ ವರ್ಷದ ಮೇಲೆ, 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಎದುರಿಸಿದವರು. ಇಬ್ಬರೂ ಉಳಿದವರೇ, ಇಬ್ಬರನ್ನೂ ನಾವು ತಲೆಯ ಮೇಲೆ ಹೊತ್ತಿದ್ದೇವೆ. ಇಬ್ಬರಿಗೂ ತಮ್ಮದೇ ಕೆಲಸ ಇತ್ತು, ಅದು ಎಲ್ಲರ ಕಣ್ಣೆದುರು ನಡೆದಿತ್ತು, ಮುಚ್ಚಿಡಲು ಆಗುವಂಥದ್ದಲ್ಲ. ಮಲ್ಲಸರ್ಜ ಇನ್ನೂ ಇಪ್ಪತ್ತು ವರ್ಷ ಬದುಕಿದ್ದರೆ ಚೆನ್ನಮ್ಮನ ಹೆಸರು ನಮಗೆ ಗೊತ್ತಿರುತ್ತಿತ್ತಾ? ನನಗೆ ಅನುಮಾನ.

ಹೀಗೆ ಕಣ್ಣೆದುರು ಕೆಲಸ ಮಾಡಿದವರಿಗೂ ಸಂಬಂಧದ ಹೆಸರೇ ಅಂಟಿಕೊಳ್ಳುವುದಿದೆ. 1928ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಸ್ಯಾಂಡರ್ಸ್ ಹತ್ಯೆಯಾದ ಮೇಲೆ ಭಗತ್ ಸಿಂಗ್ ಲಾಹೋರಿನಿಂದ ತಪ್ಪಿಸಿಕೊಂಡದ್ದು ದುರ್ಗಾದೇವಿಯಿಂದ. ಭಗವತಿ ಚರಣ್ ವೋಹ್ರಾ ಅವರ ಹೆಂಡತಿ. ಪುಟ್ಟ ಮಗನನ್ನು ಎತ್ತಿಕೊಂಡು, ಭಗತ್ ಸಿಂಗರ ಹೆಂಡತಿಯಂತೆ ನಟಿಸಿ ರೈಲು ಹತ್ತಿದರು. ಎರಡು ವರ್ಷ ಕಳೆಯುವ ಮೊದಲೇ, ಬಾಂಬ್ ಪರೀಕ್ಷೆ ಮಾಡುವಾಗ ಅದು ಸಿಡಿದು ಗಂಡ ಸತ್ತರು. ಆಮೇಲೆ ಈಕೆ ಮುಂಬೈಯಲ್ಲಿ ತಾವೇ ಪಿಸ್ತೂಲು ಹಿಡಿದರು. ಲಖನೌದಲ್ಲಿ ಶಾಲೆ ಕಟ್ಟಿದರು. 1999ರವರೆಗೆ ಬದುಕಿದರು. ಆದರೂ ದೇಶಕ್ಕೆ ಅವರು ‘ದುರ್ಗಾ ಭಾಭಿ’. ನಮ್ಮ ಕಡೆ ಹೇಳುವುದಾದರೆ ದುರ್ಗಾ ವೈನಿ. ಪ್ರೀತಿಯ ಹೆಸರೇ, ನಾನೂ ಹಾಗೇ ಕರೆಯುತ್ತೇನೆ. ಆದರೆ ಆ ಗುಂಪಿನ ಗಂಡಸರಲ್ಲಿ ಯಾರನ್ನೂ ನಾವು ಭಾವ, ಮೈದುನ ಎಂದು ನೆನೆಯುವುದಿಲ್ಲ.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಈ ಮೂರು ಜಿಲ್ಲೆಯ ಮಣ್ಣಲ್ಲೇ ಇದರ ಹಳೆಯ ಕತೆ ಇದೆ. ಬಸವಣ್ಣ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ, ಐಕ್ಯರಾದದ್ದು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ. ಹನ್ನೆರಡನೇ ಶತಮಾನದ ಆ ಕ್ರಾಂತಿಯ ಮನೆಯೊಳಗೆ ಇಬ್ಬರು ಹೆಣ್ಣುಮಕ್ಕಳಿದ್ದರು, ಗಂಗಾಂಬಿಕೆ ಮತ್ತು ನೀಲಾಂಬಿಕೆ. ಕಾವ್ಯದಿಂದ ಕಾವ್ಯಕ್ಕೆ ಇವರ ಹೆಸರು, ತವರು ಎರಡೂ ಬದಲಾಗುತ್ತವೆ. ಬಸವಣ್ಣನ ಹೆಸರು ಎಲ್ಲೂ ಬದಲಾಗುವುದಿಲ್ಲ.

ಗಂಗಾಂಬಿಕೆಯ ಐಕ್ಯಸ್ಥಳ ನಿಮ್ಮ ಜಿಲ್ಲೆಯಲ್ಲೇ ಇದೆ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯಲ್ಲಿ. ಬೆಳಗಾವಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುವಾಗ ಹೆದ್ದಾರಿಯಿಂದ ದೂರವೇನಿಲ್ಲ. ಕಲ್ಯಾಣದ ಗಲಭೆಯ ನಂತರ ಶರಣರ ಜೊತೆ ಈ ಕಡೆ ಬಂದು ಇಲ್ಲಿ ಐಕ್ಯರಾದರು ಎಂಬುದು ಜನರ ನಂಬಿಕೆ. ಅದೇ ಮಲಪ್ರಭೆ ಹರಿದು ಹೋಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನೀಲಾಂಬಿಕೆಯದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ, ಕೃಷ್ಣೆಯ ದಂಡೆ. ಸಂಗಮಕ್ಕೆ ಬಾ ಎಂದು ಬಸವಣ್ಣ ಹಡಪದ ಅಪ್ಪಣ್ಣನ ಕೈಯಲ್ಲಿ ಹೇಳಿಕಳಿಸಿದರು, ಆಕೆ ಹೊರಟು ದಾರಿಯಲ್ಲಿರುವಾಗಲೇ ಬಸವಣ್ಣ ಐಕ್ಯರಾದ ಸುದ್ದಿ ಬಂತು, ‘ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ’ ಎಂದು ಅಲ್ಲಿಯೇ ನಿಂತರು ಎಂದು ಹೇಳುತ್ತಾರೆ. ಪುರಾಣ ಹೇಳುವವರಲ್ಲಿ ಹಲವರು ಇದನ್ನು ಗಂಡನ ಬೆನ್ನಿಗೆ ಹೋದ ಪತಿವ್ರತೆಯ ಕತೆ ಮಾಡುತ್ತಾರೆ. ಆದರೆ ಆಕೆ ಮುಂದಕ್ಕೆ ಹೋಗಲೇ ಇಲ್ಲ! ಕರೆದ ಕಡೆ ಹೋಗದೆ, ನಿಂತ ಕಡೆಯೇ ದೇವರಿದ್ದಾನೆ ಅಂದವಳು ಆಕೆ.

ನೀಲಮ್ಮನ ಅದೃಷ್ಟ ದೊಡ್ಡದು, ಅದಕ್ಕಿಂತ ನಮ್ಮ ಅದೃಷ್ಟ ದೊಡ್ಡದು. ಯಾಕೆಂದರೆ ಆಕೆಯ ವಚನಗಳು ಉಳಿದಿವೆ. ‘ಮಡದಿ ಎನಲಾಗದು ಬಸವಂಗೆ ಎನ್ನನು, ಪುರುಷನೆನಲಾಗದು ಬಸವನ ಎನಗೆ’ ಅನ್ನುತ್ತಾಳೆ. ಮುಂದೆ, ತಾನು ಬಸವನಿಗೆ ಕೂಸಾದೆ, ಬಸವ ತನಗೆ ಕೂಸಾದ ಅನ್ನುತ್ತಾಳೆ. ನನ್ನನ್ನು ಆತನ ಹೆಂಡತಿ ಎಂದು ಕರೆಯಬೇಡಿ ಎಂದು ಎಂಟುನೂರು ವರ್ಷದ ಹಿಂದೆ ತಾನೇ ಬಾಯಿಬಿಟ್ಟು ಹೇಳಿದ್ದಾಳೆ. ನಾವು ಈಗಲೂ ಆಕೆಯನ್ನು ಪರಿಚಯಿಸುವುದು ಹೇಗೆ? ‘ಬಸವಣ್ಣನವರ ಧರ್ಮಪತ್ನಿ.’ ಈ ವಚನ ಪಾಠ ಮಾಡುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತಿತ್ತು.

ಈಗ ನಿಮ್ಮ ಊರ ಮಾತಿಗೆ ಬರೋಣ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕು.

‘ಜಗಳಗಂಟಿ’. ಅದೇ ಕೆಲಸಕ್ಕೆ ಅಜ್ಜನ ಹೆಸರು ಹಚ್ಚಿ ನೋಡಿ. ಗಂಡಸು ಎದುರು ಮಾತಾಡಿದರೆ ನಿಷ್ಠುರವಾದಿ. ಹೆಂಗಸು ಮಾತಾಡಿದರೆ ಜಗಳಗಂಟಿ. ಕೂಸು ಕಟ್ಟಿಕೊಂಡು ಹೆಚ್ಚುಕಡಿಮೆ ಎರಡು ವರ್ಷ ಒಬ್ಬಳೇ ಮನೆ ನಡೆಸಿದ ಹೆಂಗಸು ದಾಯಾದಿಗಳ ಜೊತೆ, ಸಾಲ ಕೊಟ್ಟವರ ಜೊತೆ ಮೆತ್ತಗೆ ಮಾತಾಡಿದ್ದರೆ ಮನೆ ಉಳಿಯುತ್ತಿರಲಿಲ್ಲ. ಆದರೂ ಜಗಳವಾಡಲಿಲ್ಲ ಎಂದು ಬರೆಯಬೇಡಿ. ಆಡಿದ್ದರೆ ಆಡಿದ್ದಾರೆ. ಯಾರ ಜೊತೆ, ಯಾವುದಕ್ಕೆ ಎಂದು ಕೇಳಿ ಬರೆಯಿರಿ.

ಹೊಲದ ಮಾತಿಗೆ ಕಾಗದವಿದೆ. ಆ ಕಾಲದಲ್ಲಿ ಹೊಲ ಅಜ್ಜನ ಹೆಸರಲ್ಲೋ ಮುತ್ತಜ್ಜನ ಹೆಸರಲ್ಲೋ ಇದ್ದಿರಬೇಕು. ಹಾಗಿದ್ದರೆ ಆಯಿ ಒಬ್ಬರೇ ಅದನ್ನು ಹೇಗೆ ಮಾರುತ್ತಾರೆ? ಹಳೆಯ ಉತಾರ (ಹೊಲದ ದಾಖಲೆ) ತೆಗೆಸಿ, ಖರೀದಿ ಪತ್ರದ ನಕಲು ಸಿಕ್ಕರೆ ಅದನ್ನೂ ತೆಗೆಸಿ. ಸಹಿ ಯಾರದ್ದು, ಯಾವ ಇಸವಿ ಎಂದು ನೋಡಿ. ಹೀಗೆ ಹೆಂಗಸರ ತಲೆಗೆ ಕಟ್ಟಿದ ನಾಲ್ಕು ಹೊಲಗಳ ಕಾಗದ ನಾನು ನೋಡಿದ್ದೇನೆ. ಮೂರರಲ್ಲಿ ಸಹಿ ಇದ್ದದ್ದು ಮೈದುನನದ್ದೋ ಮಾವನದ್ದೋ. ನಾಲ್ಕನೆಯದರಲ್ಲಿ ಆಕೆಯದೇ ಹೆಬ್ಬೆಟ್ಟು ಇತ್ತು, ಅದನ್ನೂ ಹಾಗೇ ಬರೆದೆ. ಬೆಳಗಾವಿ 1956ರವರೆಗೆ ಮುಂಬೈ ಪ್ರಾಂತಕ್ಕೆ ಸೇರಿತ್ತು, ಹಾಗಾಗಿ ಕೆಲವು ಕಾಗದ ಮರಾಠಿಯಲ್ಲಿ, ಮರಾಠಿ ಬರೆಯುತ್ತಿದ್ದ ಹಳೆಯ ಮೋಡಿ ಲಿಪಿಯಲ್ಲಿ ಇರಬಹುದು. ಹಳೆಯ ತಲಾಠಿ (ಊರ ಲೆಕ್ಕಿಗ) ಮನೆತನದವರು ಯಾರಾದರೂ ಓದಿಕೊಡುತ್ತಾರೆ.

ಪಿಂಚಣಿಯ ಮಾತಂತೂ ಪೂರ್ತಿ ತಪ್ಪು. ಹೋರಾಟಗಾರರು ತೀರಿಕೊಂಡರೆ ಪಿಂಚಣಿ ಹೆಂಡತಿಗೆ ಬರುತ್ತದೆ ಎಂದು ನಿಯಮವೇ ಇದೆ. ಅದಕ್ಕಾಗಿ ಕಚೇರಿಗೆ ಅಲೆದದ್ದು ಹಕ್ಕು ಕೇಳಿದ್ದು, ಹೆಸರು ಮಾರಿದ್ದಲ್ಲ. ಆ ಅರ್ಜಿಯ ನಕಲು ಮನೆಯ ಟ್ರಂಕಿನಲ್ಲಿದ್ದರೆ ಜೋಪಾನ ಮಾಡಿ. ಆಯಿಯ ಸಹಿಯೋ ಹೆಬ್ಬೆಟ್ಟೋ ಇರುವ ಕಾಗದ ಬಹುಶಃ ಅದೊಂದೇ.

1957ರ ಚುನಾವಣೆಯ ಮಾತು ನಿಜವೇ ಇರಬಹುದು. ಬೇಡ ಅಂದಿರಬಹುದು. ಹದಿನೈದು ವರ್ಷ ಮನೆ ಹಿಡಿದು ನಿಲ್ಲಿಸಿದ ಹೆಂಗಸಿಗೆ ‘ಇನ್ನು ಸಾಕು’ ಎನ್ನುವ ಹಕ್ಕಿಲ್ಲವೇ? ಅಜ್ಜನಿಗೂ ಬಾಯಿ ಇತ್ತು. ಕೇಳಿದ್ದರೆ ಅದು ಅವರ ತೀರ್ಮಾನ.

ಇನ್ನು ಏನು ಮಾಡಬಹುದು ಎಂಬುದು. ಪುಸ್ತಕವನ್ನು ಈಗ ಇರುವಂತೆಯೇ ಬಿಡಬಹುದು. ಮನೆಯಲ್ಲಿ ಶಾಂತಿ ಇರುತ್ತದೆ. ಆದರೆ ಅಚ್ಚಾದ ಮಾತಿಗೆ ತೂಕ ಜಾಸ್ತಿ. ಇನ್ನು ಮೂವತ್ತು ವರ್ಷಕ್ಕೆ ನಿಮ್ಮ ಊರ ಶಾಲೆಯ ಮಕ್ಕಳು ಆ ಪುಸ್ತಕವನ್ನೇ ನೋಡಿ ಬರೆಯುತ್ತಾರೆ, ಆಗ ಆ ಒಂದು ಸಾಲೇ ಗಟ್ಟಿಯಾಗುತ್ತದೆ. ಇನ್ನೊಂದು ದಾರಿ, ಎಲ್ಲವನ್ನೂ ಬರೆದುಬಿಡುವುದು. ಸಿಟ್ಟಿನಲ್ಲಿ ಹೀಗೆ ಬರೆದವರನ್ನು ಕಂಡಿದ್ದೇನೆ. ಆಗ ಪುಸ್ತಕ ನಿಲ್ಲುತ್ತದೆ, ಮನೆ ಎರಡಾಗುತ್ತದೆ, ಆಯಿ ಮತ್ತೆ ಜಗಳದ ಕಾರಣವಾಗುತ್ತಾರೆ.

ಆ ಇನ್ನೊಂದು ಸಂಸಾರದ ವಿಷಯ ಮಾತ್ರ ನಾನಾಗಿದ್ದರೆ ಪುಸ್ತಕಕ್ಕೆ ಹಾಕುವುದಿಲ್ಲ. ನಿಮ್ಮ ಹತ್ತಿರ ಇರುವುದು ಮಾತು, ಪುರಾವೆ ಅಲ್ಲ. ಆಕೆಯೂ ಒಬ್ಬ ಹೆಣ್ಣುಮಗಳು. ಆಕೆಯ ಮಕ್ಕಳು, ಮೊಮ್ಮಕ್ಕಳು ಎಲ್ಲೋ ಇದ್ದಾರು. ಆಯಿಗೆ ಆದ ಅನ್ಯಾಯವನ್ನು ಆಕೆಗೆ ಮಾಡುವುದು ಬೇಡ. ಆದರೆ ಸುಳ್ಳೂ ಬರೆಯಬೇಡಿ. ‘ಆದರ್ಶ ದಾಂಪತ್ಯ’ ಎಂಬ ಮಾತು ಕರಡಿನಲ್ಲಿದ್ದರೆ ತೆಗೆಸಿ. ಮುಂದೆ ಆ ಮನೆಯವರೇ ಮಾತಾಡಲು ಒಪ್ಪಿದರೆ ಆಗ ನೋಡೋಣ.

ಆಯಿಗೆ ಪ್ರತ್ಯೇಕ ಅಧ್ಯಾಯ ಮಾಡೋಣ ಎಂದು ನಿಮಗೆ ಅನಿಸಬಹುದು. ಒಳ್ಳೆಯದೇ, ಆದರೆ ಅದರಲ್ಲೊಂದು ಅಪಾಯವಿದೆ. ‘ವೀರಪತ್ನಿ’ ಎಂದು ತಲೆಬರಹ ಹಾಕಿ ಎರಡು ಪುಟ ಹೊಗಳಿ ಕೊನೆಗೆ ಸೇರಿಸುತ್ತಾರೆ. ಓದುವವರು ಅಲ್ಲಿಗೆ ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತಾರೆ. ನನ್ನ ಸಲಹೆ, ಅಜ್ಜನ ಕತೆಯೊಳಗೇ ಆಯಿಯನ್ನು ಸೇರಿಸಿ. ಭೂಗತರಾಗಿದ್ದ ಅಧ್ಯಾಯದಲ್ಲಿ ಬುತ್ತಿ ಎಲ್ಲಿಂದ ಬರುತ್ತಿತ್ತು, ಯಾರು ಒಯ್ಯುತ್ತಿದ್ದರು ಎಂದು ಬರಲಿ. ಹಿಂಡಲಗಾದ ಅಧ್ಯಾಯದಲ್ಲಿ ಭೇಟಿಗೆ ಯಾರು ಹೋಗುತ್ತಿದ್ದರು, ಬಂಡಿಯಲ್ಲೋ ನಡೆದೋ, ಕೂಸನ್ನು ಯಾರ ಹತ್ತಿರ ಬಿಟ್ಟರು ಎಂದು ಬರಲಿ. ಬೇಕಿದ್ದರೆ ಆಮೇಲೆ 1981ರಿಂದ 98ರವರೆಗಿನ ಹದಿನೇಳು ವರ್ಷಕ್ಕೆ ಒಂದು ಅಧ್ಯಾಯ ಕೊಡಿ, ಅದು ಆಕೆಯದೇ ಕಾಲ. ಕಾಗದ ಇದ್ದದ್ದನ್ನು ಕಾಗದ ಎಂದು, ಕೇಳಿದ್ದನ್ನು ‘ಊರಲ್ಲಿ ಹೀಗೆ ಹೇಳುತ್ತಾರೆ’ ಎಂದು ಬೇರೆ ಬೇರೆಯಾಗಿ ಬರೆಯಿರಿ.

ಕಾಕಾ ಒಪ್ಪದಿರಬಹುದು. ‘ಹೊಸ ಕಾಲದ ಹುಡುಗಿ, ಅಜ್ಜನ ಹೆಸರು ಕೆಡಿಸಾಕತ್ತಾಳ’ ಅಂದಾರು. ವಾದಕ್ಕೆ ನಿಲ್ಲಬೇಡಿ. ಒಂದೇ ಪ್ರಶ್ನೆ ಕೇಳಿ: “ಕಾಕಾ, ಅಜ್ಜ ಜೈಲಿನಾಗ ಇದ್ದಾಗ ಮನ್ಯಾಗ ಒಲಿ ಹೆಂಗ ಹತ್ತತಿತ್ತು?” ಆ ಮನೆಯ ಮಗ ಅವರು, ಕೇಳಿ ಬೆಳೆದಿರುತ್ತಾರೆ. ಈ ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಕೂತ ಗಂಡಸರನ್ನು ನಾನು ಕಂಡಿಲ್ಲ. ಕಣ್ಣು ಒದ್ದೆ ಮಾಡಿಕೊಂಡು ಮಾತು ಶುರು ಮಾಡುತ್ತಾರೆ. ನೀವು ಬರೆದುಕೊಳ್ಳಿ.

ಇದೆಲ್ಲಕ್ಕಿಂತ ಮೊದಲು ಗೋಕಾಕಿಗೆ ಹೋಗಿ. ಆಯಿಯ ತಂಗಿಗೆ 42ರಲ್ಲಿ ಏಳೆಂಟು ವರ್ಷ ಇದ್ದಿರಬೇಕು. ಆ ವಯಸ್ಸಿನ ಹುಡುಗಿಯರ ಕೈಯಲ್ಲೇ ಚೀಟಿ, ಬುತ್ತಿ ಕಳಿಸುತ್ತಿದ್ದರು, ಅವರ ಮೇಲೆ ಪೊಲೀಸರಿಗೆ ಸಂಶಯ ಬರುತ್ತಿರಲಿಲ್ಲ. ಬೆಳಿಗ್ಗೆಯೇ ಹೋಗಿ, ವಯಸ್ಸಾದವರಿಗೆ ಮಧ್ಯಾಹ್ನದ ಮೇಲೆ ದಣಿವು. ಫೋನಿನಲ್ಲಿ ರೆಕಾರ್ಡ್ ಹಚ್ಚುವ ಮುಂಚೆ ಅವರಿಗೆ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಅಜ್ಜನ ಬಗ್ಗೆ ಕೇಳಬೇಡಿ. “ಅಕ್ಕನ ತವರಿನ ಹೆಸರು ಏನಿತ್ತು?” ಎಂದು ಕೇಳಿ. ನಡುವೆ ಯಾರಾದರೂ ಒಳಗಿನಿಂದ ಮಾತಾಡಿದರೆ ಅವರನ್ನೂ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಿ.